ಎಡಗಡೆ ಸದ್ದಿಲ್ಲದ ಹೆಡ್‌ಫೋನ್

ಗಣಿ ದುಡ್ಡು ಬಳ್ಳಾರಿ ತುಂಬ ಹರಿದಾಡುತ್ತಿದ್ದ ವರ್ಷಗಳಲ್ಲಿ ನನ್ನ ಗಂಡ ಹಗಲು ಮಲಗುತ್ತಿದ್ದರು. ಊರ ಹೊರಗೆ ಅದಿರು ಗುಡ್ಡೆ ಹಾಕುವ ಒಂದು ಯಾರ್ಡಿನಲ್ಲಿ ಅವರಿಗೆ ಲಾರಿ ತೂಕ ಬರೆಯುವ ಕೆಲಸ, ಅದೂ ರಾತ್ರಿ ಪಾಳಿ. ಬೆಳಿಗ್ಗೆ ಬಂದಾಗ ಹುಬ್ಬು, ರೆಪ್ಪೆ, ಅಂಗಿಯ ಕಾಲರು ಎಲ್ಲ ಕೆಂಪು. ಸ್ನಾನ ಮಾಡಿ ಒಂದಿಷ್ಟು ತಿಂದು ಮಲಗಿದರೆ ನಿದ್ದೆ ಹತ್ತುವುದು, ಬಿಡುವುದು, ಮತ್ತೆ ಹತ್ತುವುದು. ನಾನು ಕುರುಗೋಡಿನಲ್ಲಿ ಶಾಲೆ ಟೀಚರು. ಸಂಜೆ ಬಸ್ಸಿಳಿದು ಗಾಂಧಿನಗರದ ಮನೆಗೆ ಬರುವ ಹೊತ್ತಿಗೆ ಅವರಿಗೆ ಒಳ್ಳೆಯ ನಿದ್ದೆ ಬಂದಿರುತ್ತಿತ್ತು. ನಾನು ಹಾಡು ಕೇಳಬೇಕೆಂದು ದಿನವಿಡೀ ಕಾದಿರುತ್ತಿದ್ದ ಹೊತ್ತೂ ಅದೇ.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಬಾಗಿಲಿನ ಬದಲು ಪರದೆ. ಹೊರಗಿನಿಂದ ಬಂದವರು ಕೇಳಿದಷ್ಟು ಬಾಡಿಗೆ ಕೊಟ್ಟು ಮನೆ ಹಿಡಿಯುತ್ತಿದ್ದ ಕಾಲ ಅದು. ಇನ್ನೊಂದು ಕೋಣೆಯಿರುವ ಮನೆ ನಮ್ಮ ಕೈಗೆಟುಕುತ್ತಿರಲಿಲ್ಲ. ಸಿರುಗುಪ್ಪದ ತವರುಮನೆಯಲ್ಲಿ ಅವ್ವ ಅಕ್ಕಿ ಹಸನು ಮಾಡುವಾಗಲೂ ಭಜನೆ ಪದ ಹೇಳುತ್ತಿದ್ದಳು. ಹಾಡಿಲ್ಲದೆ ಅಡುಗೆ ಮಾಡುವುದು ನನಗೆ ಬರುತ್ತಲೇ ಇರಲಿಲ್ಲ. ಸಿಡಿ ಪ್ಲೇಯರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹಚ್ಚುತ್ತಿದ್ದೆ.

ಒಂದು ಸಂಜೆ ಪರದೆ ಸರಿಸಿ ಅವರು ಬಂದು ನಿಂತರು. ಕಣ್ಣು ಕೆಂಡವಾಗಿದ್ದವು.

"ಸಣ್ಣಗ ಹಚ್ಚೀನಿ," ಅಂದೆ.

"ಸಣ್ಣಗಾದ್ರೇನು, ಕಿವಿಗೆ ಬೀಳ್ತೈತಿ. ನಿದ್ದಿಗಣ್ಣಾಗ ತೂಕ ತಪ್ಪು ಬರದ್ರ ನನ್ನ ಕೆಲಸ ಹೋಗ್ತೈತಿ."

"ಹಂಗಾರ ನಾನು ಹಾಡು ಕೇಳದ ಬಿಟ್ಟುಬಿಡ್ಲ್ಯಾ?"

ಅವರು ಪ್ಲೇಯರಿನ ಗುಂಡಿ ಒತ್ತಿ ನಿಲ್ಲಿಸಿ, "ಹೆಡ್‌ಫೋನ್ ತಗೊಂಡ್ರಾತು. ಈ ಐತವಾರ ಬ್ರೂಸ್‌ಪೇಟೆಗೆ ಹೋಗೂಣು," ಅಂದರು.

ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಟೀಚರು ನನಗೆ ಹತ್ತಿರದವರು. ಅವರ ಮನೆಯಲ್ಲಿ ಹೆಡ್‌ಫೋನ್ ಇತ್ತು. "ಕಿವಿಯೊಳಗ ತುರುಕೋವು ಬ್ಯಾಡ್ರಿ, ನೋವು ಬರ್ತೈತಿ. ಮ್ಯಾಲೆ ಮುಚ್ಚಿಕೊಳ್ಳೋವು ತಗೋರಿ, ಆದ್ರ ಭಾರ ಇರಬಾರ್ದು. ವೈರು ಒಲಿಯಿಂದ ಕಟ್ಟಿತನಕ ಮುಟ್ಟಬೇಕು. ಅಂಗಡ್ಯಾಗ ಹಾಕ್ಕೊಂಡು, ನಿಮಗ ಗೊತ್ತಿರೋ ಹಾಡನ್ನ ಕೇಳಿ ನೋಡ್ರಿ," ಅಂದರು.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಏಳುವಾಗ ನನ್ನ ಎಡಗಿವಿ ಕಟ್ಟಿಕೊಂಡಂತಿತ್ತು. ತಲೆಸ್ನಾನದ ನೀರು ಹೊಕ್ಕಿರಬೇಕೆಂದುಕೊಂಡೆ. ತಲೆ ವಾಲಿಸಿ ಕುಣಿದರೂ ಬಿಡಲಿಲ್ಲ. ಆಗ ಬಳ್ಳಾರಿಯಲ್ಲಿ ಯಾರನ್ನು ಕೇಳಿದರೂ ಒಂದಿಲ್ಲೊಂದು ಇತ್ತು: ಒಬ್ಬರಿಗೆ ಮೂಗು ಕಟ್ಟಿದೆ, ಇನ್ನೊಬ್ಬರಿಗೆ ಗಂಟಲು. ನನ್ನದೂ ಧೂಳೇ ಅಂದುಕೊಂಡು ಸುಮ್ಮನಾದೆ.

ಭಾನುವಾರ ಬ್ರೂಸ್‌ಪೇಟೆಯ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯ ಸಾಹೇಬರು ವಯಸ್ಸಾದವರು. ನಾನು ಒಯ್ದಿದ್ದ ಸಿಡಿಯನ್ನು ತಮ್ಮ ಪ್ಲೇಯರಿಗೆ ಹಾಕಿ, ಕರಿ ಸ್ಪಂಜಿನ ಅಗ್ಗದ ಹೆಡ್‌ಫೋನೊಂದನ್ನು ಮುಂದಿಟ್ಟರು. ತಲೆಗೇರಿಸಿಕೊಂಡೆ. ತಂಬೂರಿ, ಅದರ ಹಿಂದೆ ದನಿ, ಎಲ್ಲ ಬಲಗಡೆಯಿಂದಲೇ ಬಂದವು.

"ಇದರ ಎಡಗಡೆ ಕೆಟ್ಟೈತ್ರಿ," ಅಂದೆ.

ಅವರು ಇನ್ನೊಂದು ಕೊಟ್ಟರು. ಅದರದೂ ಎಡಗಡೆ ಸದ್ದಿಲ್ಲ. ಮೂರನೆಯದನ್ನು ಡಬ್ಬಿ ಹರಿದು ಹೊಸದಾಗಿಯೇ ತೆಗೆದುಕೊಟ್ಟರು. ಅದೂ ಹಾಗೇ.

"ಅಕ್ಕಾರ, ಮಾಲು ಖರಾಬ್ ಇದ್ರ ಒಂದು ಖರಾಬ್ ಇರ್ತೈತಿ. ಎಲ್ಲಾದೂ ಹೆಂಗ ಇರ್ತೈತ್ರಿ?" ಸಾಹೇಬರ ದನಿ ಬಿರುಸಾಯಿತು. ಹಿಂದೆ ನಿಂತಿದ್ದ ಗಿರಾಕಿಗಳು ನನ್ನ ಮುಖ ನೋಡತೊಡಗಿದರು. ಪಕ್ಕದಲ್ಲಿದ್ದ ನನ್ನ ಗಂಡ ಅದನ್ನು ನನ್ನ ಕೈಯಿಂದ ಕಸಿದು ತಾವು ಹಾಕಿಕೊಂಡರು.

"ಎರಡೂ ಕಡಿ ಬರಾಕತ್ತೈತಲ್ಲ. ಸರಿಯಾಗಿ ಹಾಕ್ಕೊ."

ಮತ್ತೆ ಹಾಕಿಕೊಳ್ಳುವಾಗ ನಾನು ಅದನ್ನು ತಿರುವಿದೆ. ಬಲದ ಬಟ್ಟಲು ಎಡಗಿವಿಗೆ, ಎಡದ್ದು ಬಲಕ್ಕೆ. ಹಾಡು ಬಲಗಿವಿಯಲ್ಲೇ ಇತ್ತು. ಎಡಕ್ಕೆ ಏನೂ ಇಲ್ಲ. ದೂರದ ಗುಂಯ್ ಅನ್ನುವ ಸದ್ದೂ ಇಲ್ಲ.

ಸಾಹೇಬರು ಕಾಯುತ್ತಿದ್ದರು, ಇವರು ಗಡಿಯಾರ ನೋಡಿಕೊಳ್ಳುತ್ತಿದ್ದರು, ಮನೆಗೆ ಹೋಗಿ ಮಲಗಬೇಕಿತ್ತು ಅವರು. "ಈಗ ಬಂತು. ಛಲೋ ಐತಿ. ಇದನ್ನ ಕೊಡ್ರಿ," ಅಂದೆ. ದನಿ ಹೇಗೆ ಸಹಜವಾಗಿ ಬಂತೋ ತಿಳಿಯದು. ವೈರಿನ ಉದ್ದವನ್ನೂ ನೋಡಲಿಲ್ಲ. ಓಣಿಯಲ್ಲಿ ಇವರು ನನ್ನ ಎಡಗಡೆ ನಡೆಯುತ್ತ ಏನೋ ಹೇಳುತ್ತಲೇ ಇದ್ದರು. ನಾನು ಮುಖ ನೋಡಿ ತಲೆಯಾಡಿಸುತ್ತ ಬಂದೆ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದ ಕೂಡಲೇ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಆ ಸಂಜೆ ಅವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತೆ. ಬಲದ ಬಟ್ಟಲನ್ನು ಎತ್ತಿ ಹಿಡಿದು, ಎಡದ್ದನ್ನು ಒತ್ತಿಕೊಂಡು, ಗುಂಡಿ ತಿರುಗಿಸುತ್ತ ಹೋದೆ. ಅದೆಷ್ಟು ಜೋರಾಗಿತ್ತೋ, ಪರದೆಯಾಚೆಯಿಂದ ಇವರು ಕೂಗಿದಾಗಲೇ ನನಗೆ ಗೊತ್ತಾದದ್ದು: "ಏನದು ಚೀರಾಟ? ಹೆಡ್‌ಫೋನ್ ಹಾಕ್ಕೊಂಡಿಯೋ ಇಲ್ಲೋ?"

ಮರುದಿನ ಕುರುಗೋಡಿನಲ್ಲಿ ಬಸ್ಸಿಳಿದು ರಸ್ತೆ ದಾಟುತ್ತಿದ್ದೆ. ಲಾರಿಯ ಹಾರನ್ ಕೇಳಿಸಿತು. ಬಲಗಡೆಯಿಂದ ಬರುತ್ತಿದೆ ಅಂದುಕೊಂಡು ಎಡಕ್ಕೆ ಜಿಗಿದೆ. ಯಾರೋ ಹಿಂದಿನಿಂದ ನನ್ನ ಸೆರಗು, ರಟ್ಟೆ, ಚೀಲ ಎಲ್ಲ ಸೇರಿಸಿ ಎಳೆದರು. ಲಾರಿ ಎಡಗಡೆಯಿಂದ ಬಂದಿತ್ತು. ಬಿಸಿ ಗಾಳಿ ಮುಖಕ್ಕೆ ಬಡಿದು ಹೋಯಿತು. ಎಳೆದವರು ಗಣಿತದ ಟೀಚರು.

"ಎತ್ತಾಗ ನೋಡ್ಕೋತ ಹೊಂಟೀರಿ? ಅಂವ ಅಷ್ಟೊತ್ತಿಂದ ಹಾರನ್ ಹೊಡಿಯಾಕತ್ತಾನ!"

ರಸ್ತೆ ಬದಿಯಲ್ಲಿ ನಿಂತು ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಎಡಗಡೆ ಬಂದು ಏನೋ ಪಿಸುಗುಟ್ಟಿ, ಮುಂದೆ ಬಂದು, "ಏನಂದೆ ಹೇಳ್ರಿ?" ಅಂದರು. ನನಗೆ ಗೊತ್ತಿರಲಿಲ್ಲ.

"ಸಾಲಿಗೆ ನಾನು ಹೇಳ್ತೀನಿ. ಈಗಿಂದೀಗ ಡಾಕ್ಟರ ಹತ್ರ ಹೋಗ್ರಿ."

ಮನೆಗೆ ಫೋನ್ ಮಾಡಿದೆ. ಇವರು ಮಲಗುವಾಗ ಫೋನ್ ಬಂದ್ ಮಾಡುತ್ತಿದ್ದರು. ಅವ್ವನಿಗೆ ಹಚ್ಚಿದೆ. ರೂಢಿಯಂತೆ ಎಡಗಿವಿಗೆ ಹಿಡಿದಿದ್ದೆ, ಅವ್ವ ಎತ್ತಲಿಲ್ಲ ಅಂದುಕೊಂಡು ಕಟ್ ಮಾಡಿಬಿಟ್ಟೆ. ಮರುಕ್ಷಣ ಅವಳೇ ಹಚ್ಚಿದಳು.

"ಹಲೋ ಹಲೋ ಅಂತ ಒದರಾಕತ್ತೀನಿ, ಮಾತಾಡವಲ್ಲಿ ಯಾಕ?" ವಿಷಯ ಕೇಳಿ ಅವಳು, "ಅಯ್ಯ, ಅದಕ್ಕ್ಯಾಕ ಡಾಕ್ಟರು? ಸಿರುಗುಪ್ಪಕ್ಕ ಬಾ. ಬೆಳ್ಳುಳ್ಳಿ ಕಾಸಿದ ಎಣ್ಣಿ ಬಿಡ್ತೀನಿ. ನಾಕು ದಿನ ಇದ್ದು ಹೋಗು," ಅಂದಳು.

ಅವಳ ದನಿ ಕೇಳಿ ಕಣ್ಣು ತುಂಬಿ ಬಂತು. ತವರಿಗೆ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟರೆ ಸಾಕು ಅನ್ನಿಸಿತು. ಸಿರುಗುಪ್ಪದ ಕಡೆ ಹೋಗುವ ಜೀಪೊಂದು ಎದುರಿಗೇ ನಿಂತು ಜನರನ್ನು ಕರೆಯುತ್ತಿತ್ತು. ಟೀಚರು ನನ್ನ ರಟ್ಟೆ ಬಿಡಲಿಲ್ಲ. ಬಳ್ಳಾರಿ ಬಸ್ಸು ಬಂದಾಗ ಹತ್ತಿಸಿ, ಬಲಗಡೆ ಕಿಟಕಿಗೆ ಬಂದು, "ಎಲ್ಲಿಯೂ ಇಳೀಬ್ಯಾಡ್ರಿ," ಅಂದರು.

ಕಿವಿ ಡಾಕ್ಟರು ಮಧ್ಯಾಹ್ನ ಊಟಕ್ಕೆ ಎದ್ದರೆ ಮತ್ತೆ ಸಂಜೆಗೇ ಬರುತ್ತಿದ್ದುದು. ಬಳ್ಳಾರಿ ಹತ್ತಿರವಾಗುತ್ತಿದ್ದಂತೆ ಲಾರಿಗಳ ಸಾಲು ಶುರುವಾಯಿತು. ಮುಂದೆಲ್ಲೋ ಒಂದು ಕೆಟ್ಟು ನಿಂತಿದೆಯಂತೆ. ಬಸ್ಸು ಒಂದಿಷ್ಟು ಮುಂದೆ ಸರಿಯುವುದು, ನಿಲ್ಲುವುದು. ಚಾಲಕ ಎಂಜಿನ್ ಬಂದ್ ಮಾಡಿದಾಗ ನಾನು ಇಳಿದುಬಿಟ್ಟೆ. ಲಾರಿಗಳ ಪಕ್ಕದಲ್ಲೇ, ಎಡಗಡೆಯಿಂದ ಏನು ಬಂದರೂ ಕೇಳುವುದಿಲ್ಲವೆಂದು ಪದೇ ಪದೇ ತಿರುಗಿ ನೋಡುತ್ತ ನಡೆದೆ. ಒಬ್ಬ ಆಟೋದವನು ಗಲ್ಲಿಗಳಲ್ಲಿ ನುಸುಳಿ ಕರೆದೊಯ್ದ.

ಡಾಕ್ಟರು ಎದ್ದು ನಿಂತಿದ್ದರು. ನನ್ನ ಕೆಂಪು ಮುಖ ನೋಡಿ ಮತ್ತೆ ಕುಳಿತರು. ಕಿವಿಯೊಳಗೆ ಬೆಳಕು ಹಾಯಿಸಿ ನೋಡಿ, ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ತಟ್ಟಿ ನನ್ನ ಹಣೆಯ ನಡುವೆ ಇಟ್ಟರು.

"ಸದ್ದು ಯಾವ ಕಡಿಗೆ ಕೇಳ್ತೈತಿ?"

"ಬಲಕ್ಕ."

"ಬರೇ ಗುಗ್ಗೆ ಕಟ್ಟಿದ್ರ ಎಡಕ್ಕ ಕೇಳಬೇಕಿತ್ತು." ಅವರು ಕಡ್ಡಿ ಕೆಳಗಿಟ್ಟರು. "ಒಳಗಿನ ನರಕ್ಕ ಪೆಟ್ಟಾಗೈತಿ. ಕೆಲವರಿಗೆ ಹಿಂಗ ಏಕಾಏಕಿ ಆಗ್ತೈತಿ, ಯಾಕಂತ ಹೇಳಾಕ ಬರಂಗಿಲ್ಲ. ಜಲ್ದಿ ಬಂದೀರಿ, ಅದು ಛಲೋ ಆತು. ಗುಳಿಗಿ ಕೊಡ್ತೀನಿ. ಆದ್ರ ಕಿವಿ ತಿರುಗಿ ಬರ್ತೈತಿ ಅಂತ ಮಾತು ಕೊಡಾಕ ನನ್ನ ಕೈಲಿ ಆಗಂಗಿಲ್ಲ."

ಕಿವಿಯ ಪರೀಕ್ಷೆ ಮಾಡಿಸಿ, ಗುಳಿಗೆ ಕೊಂಡು ಸಂಜೆ ಮನೆಗೆ ಬಂದಾಗ ಇವರು ಡ್ಯೂಟಿಗೆಂದು ಅಂಗಿ ಹಾಕಿಕೊಳ್ಳುತ್ತಿದ್ದರು. ನಾನು ಗುಳಿಗೆಯ ಚೀಟಿ ಮುಂದಿಟ್ಟು ಹೇಳಿದೆ. ಗುಂಡಿಯ ಮೇಲಿದ್ದ ಅವರ ಬೆರಳು ಹಾಗೇ ನಿಂತವು.

"ಅಂಗಡ್ಯಾಗ ಗೊತ್ತಾಗಿತ್ತು ನಿನಗ?"

"ಹೂಂ."

"ನನಗ್ಯಾಕ ಹೇಳ್ಲಿಲ್ಲ? ನಾನೇನು ನಿನ್ನ ವೈರಿ ಅದೀನೇನು?" ಅವರು ಕೂಗಿದ್ದು ಅದೊಂದೇ ಮಾತು. ಆಮೇಲೆ ಹಾಕಿದ್ದ ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಯಾರ್ಡಿಗೆ ಫೋನ್ ಮಾಡಿ ಬರುವುದಿಲ್ಲ ಅಂದರು. ಆ ಕಡೆಯವರು ಜೋರು ಮಾಡಿದ್ದು ನನ್ನ ಬಲಗಿವಿಗೂ ಕೇಳಿಸಿತು. ಇವರು ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು.

ನಂತರದ ವಾರಗಳು ಕಾಯುವುದರಲ್ಲೇ ಕಳೆದವು. ಗುಳಿಗೆಯಿಂದ ಮುಖ ಊದಿತು, ನಿದ್ದೆ ಕೆಟ್ಟಿತು. ಸದ್ದು ಜೋರು ಮಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸಂಜೆ ಇವರು ಡ್ಯೂಟಿಗೆ ಹೊರಡುವ ಮುಂಚೆ ಹೆಡ್‌ಫೋನನ್ನು ನನ್ನ ತಲೆಗೆ ತಾವೇ ಏರಿಸಿ, ಬಲದ ಬಟ್ಟಲನ್ನು ಸರಿಸಿ, ಸಣ್ಣಗೆ ಹಾಡು ಹಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿರುತ್ತಿದ್ದೆ. ತೆರೆದು ಇಲ್ಲವೆಂದು ತಲೆಯಾಡಿಸಿದರೆ ಅವರು ವೈರು ಸುತ್ತಿಡುತ್ತಿದ್ದರು. ಅವರು ಅದನ್ನು ಅಷ್ಟು ನಾಜೂಕಾಗಿ ಸುತ್ತಿಡುವುದು ನೋಡಿದರೆ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ಒಂದು ಸಂಜೆ ಎಡಗಿವಿಯಲ್ಲಿ ಏನೋ ಗೀರಿದಂತಾಯಿತು. ಕೈ ಎತ್ತಿದೆ. "ಏನು? ಕೇಳ್ತಾ?" ಅಂದರು. ಕೇಳಿತ್ತು, ಆದರೆ ಅದು ಹಾಡಾಗಿರಲಿಲ್ಲ. ತಗಡಿನ ಡಬ್ಬಿಯೊಳಗೆ ಯಾರೋ ನರಳಿದಂತಿತ್ತು. ಎರಡೂ ಕಿವಿಗೆ ಹಾಕಿಕೊಂಡರೆ ಇನ್ನೂ ಘೋರ: ಒಂದೇ ಸ್ವರ ಬಲಕ್ಕೆ ಒಂದು ಶ್ರುತಿ, ಎಡಕ್ಕೆ ಇನ್ನೊಂದು. ನನಗೆ ಅಂಗೈಗೆರೆಯಷ್ಟು ಪರಿಚಯದ ದನಿ ಅಪಸ್ವರ ಹಾಡುತ್ತಿತ್ತು. ಕಿತ್ತು ಒಗೆದು ಅತ್ತೆ. ಕೇಳಿಸದೇ ಇದ್ದರೂ ಬೇಕಾಗಿತ್ತು, ಹೀಗೆ ಕೇಳಬಾರದಿತ್ತು ಅಂದೆ.

"ಏನಾರ ಬಂತಲ್ಲ," ಅಂದರು ಇವರು. "ನಿನ್ನೆ ಅದೂ ಇರಲಿಲ್ಲ."

ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಶ್ರುತಿಗಳು ನಿಧಾನವಾಗಿ ಒಂದಕ್ಕೊಂದು ಹತ್ತಿರ ಬಂದವು. ತಂಬೂರಿಯ ಕೆಳಗಿನ ತಂತಿ ಮೊದಲು ಬಂತು, ಆಮೇಲೆ ಗಂಡಸರ ದನಿ. ತಾರಸ್ವರ, ಗೆಜ್ಜೆ, ಕುಕ್ಕರಿನ ಸೀಟಿಯ ತುದಿ ಬರಲೇ ಇಲ್ಲ. ಕೊನೆಯ ಸಲ ಡಾಕ್ಟರು ಪರೀಕ್ಷಿಸಿ, "ಇಷ್ಟ ನೋಡ್ರಿ, ಇನ್ನ ಇದು ಹಿಂಗ ಇರ್ತೈತಿ," ಅಂದಾಗ ನನಗೆ ವಿಚಿತ್ರವಾದ ನಿರಾಳ. ಕಾಯುವುದಾದರೂ ತೀರಿತ್ತು.

ಕೆಲವು ವರ್ಷಗಳ ಮೇಲೆ ಯಾರ್ಡಿಗೆ ಬೀಗ ಬಿತ್ತು. ಇವರಿಗೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಗಲಿನ ಕೆಲಸ ಸಿಕ್ಕಿತು, ನಾನೂ ವರ್ಗ ಮಾಡಿಸಿಕೊಂಡೆ. ಸಾಮಾನು ಇಳಿಸಿದ ದಿನ ಇವರು ಹೊಸದಾಗಿ ತಂದಿದ್ದ ಎರಡು ಸ್ಪೀಕರುಗಳನ್ನು ಹಿಡಿದುಕೊಂಡು, ನಾನು ಒಲೆಯ ಮುಂದೆ ನಿಲ್ಲುವ ಜಾಗ ನೋಡಿ, ಎರಡನ್ನೂ ಬಲಗಡೆಯ ಹಲಗೆಯ ಮೇಲೆ ಇಡಹೊರಟರು.

"ಒಂದು ಎಡಕ್ಕ ಇಡ್ರಿ," ಅಂದೆ.

"ಆ ಕಡಿ ನಿನಗ ಪೂರಾ ಕೇಳಂಗಿಲ್ಲಲ್ಲ?"

"ಅರ್ಧಾನಾರ ಕೇಳ್ತೈತಿ. ಇಡ್ರಿ."

ಎಡಗಡೆಗೂ ಒಂದು ಹಲಗೆ ಹೊಡೆಯಲು ಅವರು ಮೊಳೆ, ಸುತ್ತಿಗೆ ಹುಡುಕಲು ಹೋದರು. ನಾನು ಹಾಲು ಉಕ್ಕಿಸಲು ಒಲೆ ಹಚ್ಚಿದೆ.