ಗೌರವ್ವನ ಮಣ್ಣಿನ ಒಡವೆ

ನಮ್ಮ ದೊಡ್ಡವ್ವ ಸತ್ತು ಮೂವತ್ತು ವರ್ಷದ ಮೇಲಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ನನ್ನ ಮಗಳು ಹೇಳುತ್ತಾಳೆ. ಯಾಕೆ ಇಟ್ಟುಕೊಳ್ಳಬಾರದು? ನನ್ನ ಸಿಟ್ಟು, ನಾನು ಇಟ್ಟುಕೊಂಡಿದ್ದೀನಿ. ಅವಳಿಗೆ ಬಹುವಚನ ಕೂಡ ಕೊಡಲ್ಲ ನಾನು, ನೋಡಿ.

ಐವತ್ತರ ದಶಕದ ಮಾತು ಇದು. ಹುಣಸೂರಿನಾಚೆ ಕಟ್ಟೆಮಳಲವಾಡಿ ಮಗ್ಗುಲಲ್ಲಿ ನಮ್ಮ ಹಳ್ಳಿ. ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಎಲ್ಲರೂ ಒಂದೇ ಮನೆ, ಒಂದೇ ಒಲೆ. ನನಗೆ ಏಳು ವರ್ಷ ಆಗಿದ್ದಾಗ ನಮ್ಮಪ್ಪ ಹೊಗೆಸೊಪ್ಪಿನ ಹೊಲದಲ್ಲಿ ಹಾವು ಕಚ್ಚಿ ಹೋದ. ಅವತ್ತಿಂದ ಆ ಮನೆಯಲ್ಲಿ ನಮ್ಮವ್ವನ ಜಾಗ ಹಿತ್ತಲ ಕಡೆಯ ಕೋಣೆ.

ಅದಕ್ಕೆ ಮುಂಚೆ ಹಾಗಿರಲಿಲ್ಲ. ನಮ್ಮೂರಲ್ಲಿ ಗೌರಿಹಬ್ಬಕ್ಕೆ ಊರಿಗೆಲ್ಲ ಒಂದೇ ಗೌರವ್ವ. ಕೆರೆಯ ಜೇಡಿಮಣ್ಣಿನಲ್ಲಿ ಮಾಡಿ ಪಟೇಲರ ಮನೆ ಪಡಸಾಲೆಯಲ್ಲಿ ಕೂರಿಸೋರು. ಅವಳ ಒಡವೆಯೂ ಮಣ್ಣಿನದೇ. ನೀರಿಗೆ ಬಿಟ್ಟಾಗ ಮೈಮೇಲಿದ್ದದ್ದೆಲ್ಲ ಅವಳ ಜೊತೆಗೇ ಕರಗಬೇಕು ಅನ್ನೋದು ಊರ ಕಟ್ಟಳೆ. ಒಡವೆ ಮಾಡಿ ತೊಡಿಸಿದವಳೇ ಮೊದಲು ಗೌರವ್ವನ ಕತ್ತಿಗೆ ಅರಿಶಿನ ಹಚ್ಚಬೇಕು, ಮೊದಲ ಬಾಗಿನವೂ ಅವಳಿಗೇ. ನಮ್ಮವ್ವ ಪಿರಿಯಾಪಟ್ಟಣದ ಕಡೆಯ ತವರಿಂದ ಮದುವೆಯಾಗಿ ಬರುವಾಗ ಹುಣಸೆಮರದಲ್ಲಿ ಕೆತ್ತಿದ ಆರು ಅಚ್ಚು ತಂದಿದ್ದಳು. ಒಂದರ ತುದಿಯಲ್ಲಿ ಮಾವಿನಕಾಯಿ, ಒಂದರಲ್ಲಿ ಮಲ್ಲಿಗೆ ಮೊಗ್ಗು, ಒಂದರಲ್ಲಿ ಸೂರ್ಯ. ಆ ಅಚ್ಚಲ್ಲಿ ಒತ್ತಿ ಒತ್ತಿ ಅವಳು ಮಾಡುತ್ತಿದ್ದ ಕಾಸಿನ ಸರ, ವಂಕಿ, ಓಲೆ, ಡಾಬು ನೋಡೋಕೆ ಪಕ್ಕದೂರಿಂದ ಹೆಂಗಸರು ಬರೋರು. ಅರಿಶಿನದ ನೀರು ಬಳಿದು ಮಿರುಗುವ ಬೇಗಡೆ ಹಾಳೆ ಅಂಟಿಸಿದರೆ ಚಿನ್ನವೇ ಸೈ.

ಅಪ್ಪ ಹೋದ ವರ್ಷ ದೊಡ್ಡವ್ವ ಊರಲ್ಲೆಲ್ಲ ಸಾರಿಕೊಂಡು ಬಂದಳು. "ಬಳೆ ಇಲ್ದಿರೋ ಕೈ ಗೌರವ್ವನ ಒಡವೆ ಮುಟ್ಟಬಾರ್ದು ಕಣ್ರವ್ವಾ. ನಾನೂ ಕಲ್ತಿವ್ನಿ, ಇನ್ಮ್ಯಾಕೆ ನಾನೇ ಮಾಡ್ತೀನಿ." ಅಚ್ಚುಗಳನ್ನೂ ಎತ್ತಿಕೊಂಡು ಹೋಗಿ ತನ್ನ ಪೆಟ್ಟಿಗೆಯಲ್ಲಿಟ್ಟಳು.

ಕಲಿತಿದ್ದಳಾ? ಮಣ್ಣಾಂಗಟ್ಟಿ! ಹಬ್ಬ ಎಂಟು ದಿನ ಇದೆ ಅನ್ನುವಾಗ, ಗಂಡಸರು ಹೊಲಕ್ಕೆ ಹೋದ ಹಾಡುಹಗಲು, ಅವ್ವನ ಕೋಣೆಗೆ ಮಣ್ಣಿನ ಮುದ್ದೆಯನ್ನೂ ಅಚ್ಚುಗಳನ್ನೂ ತಳ್ಳಿ, ಕದ ಎಳೆದುಕೊಂಡು, ಹೊರಗೆ ಬೆನ್ನು ಕೊಟ್ಟು ಕೂರುತ್ತಿದ್ದಳು ಕಾವಲಿಗೆ. ಒಳಗೆ ನಮ್ಮವ್ವ ಮಾಡಬೇಕು, ಹೊರಗೆ ಅವಳು ಮಾಡಿದ ಹಾಗೆ. ಅವ್ವ ಬಾಯಿ ಬಿಡುತ್ತಿರಲಿಲ್ಲ. ಇರೋದು ಅವರ ಮನೆ, ತಿನ್ನೋದು ಅವರ ಮುದ್ದೆ. ಹೀಗೆ ನಾಲ್ಕು ವರ್ಷ.

ಅವ್ವ ಒಂದು ಒಡೆದ ಬಳೆ ಚೂರು ಇಟ್ಟುಕೊಂಡಿದ್ದಳು. ಅಪ್ಪ ಹೋದ ದಿನ ಒಡೆದ ಹಸಿರು ಬಳೆಯದು. ಕಾಸಿನ ಸರದ ಪ್ರತಿ ಕಾಸಿನ ಅಂಚಿಗೆ ಬಿದಿಗೆ ಚಂದ್ರನ ಹಾಗೆ ಒಂದು ಬಾಗು ಗೆರೆ ಬರುತ್ತಿತ್ತು, ಅದನ್ನು ಒತ್ತುತ್ತಿದ್ದದ್ದು ಆ ಚೂರಲ್ಲಿ. ಊರ ಮುತ್ತೈದೆಯರೆಲ್ಲ ಆ ಗೆರೆ ನೋಡಿ "ಎಷ್ಟು ನಯವಾಗಿ ಬಂದದೆ" ಅಂತ ದೊಡ್ಡವ್ವನನ್ನು ಹೊಗಳೋರು. ನನಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ನಾಲ್ಕನೇ ವರ್ಷ ಅವ್ವನಿಗೆ ಆಸೆ ತಡೆಯಲಾಗಲಿಲ್ಲ. ತಾನು ಮಾಡಿದ ಒಡವೆ ತಾಯಿ ಕತ್ತಲ್ಲಿ ಹೇಗೆ ಕಾಣುತ್ತೆ ಅಂತ ಒಂದು ಸಲ ನೋಡೋಣ ಅಂತ ಪಟೇಲರ ಮನೆ ಬಾಗಿಲವರೆಗೆ ಬಂದಳು. ನಾನು ಅವಳ ಸೆರಗು ಹಿಡಿದಿದ್ದೆ. ಬಾಗಿನ ಹಿಡಿದುಕೊಂಡು ನಿಂತಿದ್ದ ದೊಡ್ಡವ್ವ ನೋಡಿದವಳೇ ಎಲ್ಲರಿಗೂ ಕೇಳುವ ಹಾಗೆ, "ನೀನ್ಯಾಕಮ್ಮೀ ಬಂದೆ? ನಿನ್ನ ನೆಳ್ಳು ಬಿದ್ದಾತು, ಓಗು ಅತ್ಲಾಗೆ" ಅಂದಳು. ಅವ್ವ ತಿರುಗಿದಳು. ಅವಳ ಉಗುರ ಸಂದಿಯಲ್ಲಿ ಗೌರವ್ವನ ಮಣ್ಣು ಇನ್ನೂ ಇತ್ತು.

ಇವಳನ್ನು ಬಿಡಬಾರದು ಅಂತ ಅವತ್ತೇ ಅಂದುಕೊಂಡೆ. ಹನ್ನೊಂದು ವರ್ಷದ ಹುಡುಗಿ ನಾನು. ಒಂದು ವರ್ಷ ಕಾದೆ.

ಮರುವರ್ಷ ಪಟೇಲರ ಮಗಳು ಮದುವೆಯಾಗಿ ಮೊದಲ ಗೌರಿಗೆ ತವರಿಗೆ ಬಂದಿದ್ದಳು. ಹಬ್ಬಕ್ಕೆ ಇನ್ನು ಮೂರೇ ದಿನ. ಮಳೆ ಬಿಡದೆ ಹಿಡಿದಿದ್ದರಿಂದ ಅವ್ವನ ಕೆಲಸ ಇನ್ನೂ ಶುರುವಾಗಿರಲಿಲ್ಲ. ನಾನು ಪಟೇಲರ ಹೆಂಡತಿಯ ಹತ್ತಿರ ಹೋಗಿ, "ಅಮ್ಮಾರೇ, ನಮ್ ದೊಡ್ಡವ್ವ ಯೋಳ್ ಕಳ್ಸವ್ಳೆ. ಈ ಸಲ ಒಡವೆನ ನಿಮ್ ಪಡಸಾಲೇಲೇ ಕುಂತು ಎಲ್ರ ಎದ್ರುಗೇ ಒತ್ತಾಳಂತೆ. ನಿಮ್ ಮಗಳಿಗೂ ಕಲುಸ್ತಾಳಂತೆ" ಅಂದೆ. ಅಷ್ಟೇ. ಆಯಮ್ಮ ಹಿಗ್ಗಿಹೋಗಿ ತಾನೇ ನಮ್ಮ ಬೀದಿಗೆ ಬಂದು, ನಾಲ್ಕು ಜನರ ಮುಂದೆ ದೊಡ್ಡವ್ವನನ್ನು ಹೊಗಳಿ ಕೈಹಿಡಿದು ಕರೆದುಕೊಂಡು ಹೋದಳು. ಅಷ್ಟು ಜನರ ಮುಂದೆ ಇಲ್ಲ ಅಂದರೆ ದೊಡ್ಡವ್ವನ ಗುಟ್ಟು ರಟ್ಟಾಗುತ್ತಿತ್ತು. ಒತ್ತೋದರಲ್ಲಿ ಏನಿದೆ ಮಹಾ ಅಂತಲೂ ಅಂದುಕೊಂಡಿರಬೇಕು, ಮುಂಡೇದು.

ಪಡಸಾಲೆ ತುಂಬ ಹೆಂಗಸರು. ನಾನು ಕಂಬಕ್ಕೆ ಒರಗಿ ನಿಂತೆ. ದೊಡ್ಡವ್ವ ಮಣ್ಣು ತಟ್ಟಿ, ಅಚ್ಚನ್ನು ನೀರಿಗೆ ಅದ್ದಿ, ಒತ್ತಿದಳು. ಎತ್ತಿದರೆ ಮಣ್ಣೆಲ್ಲ ಅಚ್ಚಿಗೇ ಮೆತ್ತಿಕೊಂಡು ಎದ್ದು ಬಂತು. ಒರೆಸಿ ಮತ್ತೆ ಒತ್ತಿದಳು, ಮತ್ತೆ ಅದೇ. ಪ್ರತಿ ಸಲ ಅಚ್ಚನ್ನು ಜರಡಿ ಹಿಡಿದ ಒಲೆಬೂದಿಗೆ ತಾಕಿಸಿ ಒತ್ತಬೇಕು, ಆಗಲೇ ಮಣ್ಣು ಬಿಡೋದು. ನಾಲ್ಕು ವರ್ಷ ಬೆನ್ನು ಕೊಟ್ಟು ಕೂತವಳಿಗೆ ಅದು ಎಲ್ಲಿಂದ ಗೊತ್ತಾಗಬೇಕು? ಮಾವಿನಕಾಯಿ ಸಗಣಿ ಉಂಡೆಯಾಯಿತು. ಯಾರೋ ಕಿಸಕ್ಕಂದರು. ಅವಳ ಮೂಗಿನ ತುದಿಯಿಂದ ಬೆವರು ಮಣ್ಣಿನ ಮೇಲೆ ಬಿತ್ತು. ಅಬ್ಬಬ್ಬಾ, ಇವತ್ತಿಗೂ ನೆನೆಸಿಕೊಂಡರೆ ನನಗೆ ಹೊಟ್ಟೆ ತಣ್ಣಗಾಗುತ್ತೆ.

"ಅಂಗಾದ್ರೆ ಇಷ್ಟ್ ವರ್ಸ ಮಾಡ್ದೋರ್ಯಾರು?" ಅಂದಳು ಪಟೇಲರ ಹೆಂಡತಿ.

"ನಮ್ಮವ್ವ" ಅಂದೆ ನಾನು, ಕಂಬದ ಹತ್ತಿರದಿಂದ. ದೊಡ್ಡವ್ವ ತಲೆ ಎತ್ತಲಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಎಲ್ಲರೂ ಸೇರಿ ದೊಡ್ಡವ್ವನಿಗೆ ಉಗಿದು, ನಮ್ಮವ್ವನನ್ನು ಮೆರೆಸುತ್ತಾರೆ ಅಂದುಕೊಂಡಿದ್ದೆ. ಪೆದ್ದಿ. ಗುಸುಗುಸು ಶುರುವಾದದ್ದೇ ಬೇರೆ. ಗಂಡ ಸತ್ತವಳ ಕೈಯಲ್ಲಿ ಮಾಡಿದ ಒಡವೆಯನ್ನು ತಾಯಿ ನಾಲ್ಕು ವರ್ಷ ತೊಟ್ಟಳಲ್ಲ, ಏನು ಕೇಡು ಕಾದಿದೆಯೋ ಅಂತ.

ಮಾರನೆಯ ದಿನ ಬೆಳಿಗ್ಗೆ ಪಟೇಲರ ಹೆಂಡತಿ ನಮ್ಮ ಹಿತ್ತಲಿಗೆ ಬಂದಳು, ಒಬ್ಬಳೇ. ಅವ್ವ ಪಾತ್ರೆ ಬೆಳಗುತ್ತಿದ್ದಳು. "ನೋಡವ್ವ, ಗೌರವ್ವ ಬರಿ ಮೈಲಿ ಕೂರಂಗಾಯ್ತದೆ. ಮೊದ್ಲಿನಂಗೇ ಕದ ಹಾಕ್ಕೊಂಡು ಮಾಡ್ಕೊಡು. ಯಾರೂ ಬಾಯ್ ಬಿಡಾಕಿಲ್ಲ" ಅಂದಳು.

ಅವ್ವ ಬೂದಿಗೈ ತೊಳೆದುಕೊಂಡು ಎದ್ದು ನಿಂತಳು. "ಮಾಡ್ತೀನಿ ಅಮ್ಮಾರೇ. ನಿಮ್ ಪಡಸಾಲೇಲಿ ಕುಂತು ಮಾಡ್ತೀನಿ."

"ಅದೆಂಗಾದಾತು?"

"ಆಗಾಕಿಲ್ವಾ? ಅಂಗಾದ್ರೆ ಬುಡಿ."

ನಮ್ಮವ್ವ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆಯಮ್ಮ ಬಂದ ದಾರಿಯಲ್ಲೇ ಹೋದಳು. ಅವ್ವ ನನ್ನ ಕಡೆ ತಿರುಗಿ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ತಬ್ಬಿಕೊಂಡು ಅತ್ತಳು.

ಆ ವರ್ಷ ಗೌರವ್ವ ಒಡವೆ ಇಲ್ಲದೆ ಕೂತಳು. ಓಲೆ ಇಲ್ಲ, ವಂಕಿ ಇಲ್ಲ, ಸರ ಇಲ್ಲ. ಅವ್ವ ಬೀದಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದಳು. ಹೋಗು ಅನ್ನುವ ಧೈರ್ಯ ಅವತ್ತು ಯಾರಿಗೂ ಇರಲಿಲ್ಲ. ನಾನು ಗೌರವ್ವನನ್ನು ನೋಡಿದೆ, ಅವ್ವನನ್ನು ನೋಡಿದೆ. ಇಬ್ಬರದೂ ಅದೇ ಬೋಳು ಕತ್ತು.

ಮೊದಲು ಅರಿಶಿನ ಹಚ್ಚೋರು ಯಾರು ಅಂತ ಮಾತು ಬಂತು. ಪಟೇಲರ ಹೆಂಡತಿ ದೊಡ್ಡವ್ವನ ಕಡೆ ತಿರುಗಿ, "ನೀನೇ ಅರಿಸ್ನ ಇಡು, ಇಷ್ಟ್ ವರ್ಸ ಇಟ್ಟಿಲ್ವಾ" ಅಂದಳು. ದೊಡ್ಡವ್ವ ಅರಿಶಿನದ ಬಟ್ಟಲು ತೆಗೆದುಕೊಂಡಳು. ಬಗ್ಗಿ ಆ ಬೋಳು ಕತ್ತಿಗೆ ಅರಿಶಿನ ಹಚ್ಚಿದಳು, ನೆಲಕ್ಕೆ ಹಣೆ ಮುಟ್ಟಿಸಿ ಕೈ ಮುಗಿದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ.