ಹಳದಿ ವ್ಯಾನಿನ ಹಾರ್ನು

ಊರಲ್ಲಿ ಅವನಿಗೆ ಇಪ್ಪತ್ತು ಅಂತಲೇ ಹೆಸರು. ಇಪ್ಪತ್ತು ಬಂದ, ಇಪ್ಪತ್ತು ಹೋದ ಅನ್ನುತ್ತಿದ್ದರು. ಅವನ ಗಾಡಿಯ ಮುಳ್ಳು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಇಪ್ಪತ್ತು ದಾಟಿರಲಿಲ್ಲ. ಗಾಡಿ ನಗರಸಭೆಯದು. ಹೆಣದ ವ್ಯಾನು.

ಕೆಲಸ ಕಷ್ಟದ್ದೇನಲ್ಲ. ಆಸ್ಪತ್ರೆಯಿಂದಲೋ ಮನೆಯಿಂದಲೋ ಸ್ಮಶಾನಕ್ಕೆ. ಹಾರ್ನ್ ಹೊಡೆಯುವ ಹಾಗಿಲ್ಲ. ಯಾರನ್ನೂ ಹಿಂದೆ ಹಾಕುವ ಹಾಗಿಲ್ಲ. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಬ್ರೇಕ್ ಒತ್ತಬೇಕು. ಹಿಂದೆ ಬರುವ ಗಾಡಿಗಳಲ್ಲಿ ಒಂದೂ ತಪ್ಪಿಹೋಗಬಾರದು, ಅದಕ್ಕೆ ಮುಂದಕ್ಕಿಂತ ಕನ್ನಡಿಯನ್ನೇ ಜಾಸ್ತಿ ನೋಡಬೇಕು. ಅವನ ಮೇಲೆ ಒಂದು ದೂರೂ ಬಂದಿರಲಿಲ್ಲ. ಹೊಗಳಿಕೆಯೂ ಬಂದಿರಲಿಲ್ಲ. "ನನ್ನ ಗಾಡಿ ಹತ್ತಿದೋರು ಯಾರೂ ಇಳಿದು ಚೆನ್ನಾಗಿತ್ತು ಅಂದಿಲ್ಲ" ಅನ್ನುತ್ತಿದ್ದ.

ಅವನಿಗೆ ಇದ್ದದ್ದು ಒಂದೇ ಆಸೆ. ಕೂತು ಬರುವವರನ್ನು ಓಡಿಸಬೇಕು. ಮನೆಯವರನ್ನೆಲ್ಲ, ಒಟ್ಟಿಗೆ, ಒಂದೇ ಗಾಡಿಯಲ್ಲಿ.

ಮನೆಯಲ್ಲಿ ಏಳು ಜನ. ಅವನು, ಹೆಂಡತಿ, ಮೂವರು ಹೆಣ್ಣುಮಕ್ಕಳು, ಅವನ ಅಮ್ಮ, ಹೆಂಡತಿಯ ಅಪ್ಪ. ಇರುವ ಗಾಡಿ ಒಂದು ಸ್ಕೂಟರು. ನೆಂಟರ ಮನೆ ಮದುವೆ ಅಂದರೆ ಅವನು ನಾಲ್ಕು ಸಲ ಹೋಗಿ ಬರಬೇಕು. ಸ್ಕೂಟರೂ ಇಪ್ಪತ್ತರಲ್ಲೇ. ಕೊನೆಯವರು ಬಂದು ಇಳಿಯುವಷ್ಟರಲ್ಲಿ ಮೊದಲು ಬಂದವರು ಊಟ ಮುಗಿಸಿ, ನಿದ್ದೆ ಬಂದು, ಮನೆಗೆ ಹೋಗೋಣ ಅಂತ ಬಾಗಿಲಲ್ಲಿ ನಿಂತಿರುತ್ತಿದ್ದರು. ಮದುವೆ ಆಲ್ಬಮ್ಮುಗಳಲ್ಲಿ ಎಲ್ಲರೂ ಇದ್ದಾರೆ, ಅವನೊಬ್ಬ ಇಲ್ಲ. ಫೋಟೋ ತೆಗೆಯುವಾಗ ಅವನು ಯಾವಾಗಲೂ ದಾರಿಯಲ್ಲಿರುತ್ತಿದ್ದ.

ಹೇಗೋ ಗಾಡಿ ತಗೊಳ್ಳುವ ಕಾಲ ಬಂತು. ಏಳು ಜನ ಕೂರಬೇಕು ಅಂದರೆ ವ್ಯಾನೇ ಆಗಬೇಕು. ತೊಡಕು ಇದ್ದದ್ದು ಅಲ್ಲೇ. ಅವನ ಅಮ್ಮ ಅವನ ವ್ಯಾನು ಹತ್ತುವುದಿಲ್ಲ.

ಅದಕ್ಕೊಂದು ಹಳೆ ಕತೆ ಇತ್ತು. ಒಂದು ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ಅಮ್ಮನಿಗೆ ಬಸ್ಸು ಸಿಗಲಿಲ್ಲ. ಮಗ ಖಾಲಿ ವ್ಯಾನು ತಂದು ಮುಂದಿನ ಸೀಟಲ್ಲಿ ಕೂರಿಸಿಕೊಂಡ. ಅವಳ ಒಂದು ಕಣ್ಣಿಗೆ ಬಿಳಿ ಪಟ್ಟಿ. ಕತ್ತು ಸೀಟಿಗೆ ಒರಗಿಸಿದ್ದಳು. ದಾರಿಯಲ್ಲಿ ಯಾರು ಕಂಡರೋ. ಮನೆ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಹದಿನೈದು ಜನ. ಪಕ್ಕದ ಮನೆಯಾಕೆ ಗೋಡೆ ಹಿಡಿದು, "ಅಯ್ಯೋ, ಮೊನ್ನೆ ತಾನೆ ನನ್ನ ಜರಡಿ ಇಸ್ಕೊಂಡು ಹೋಗಿದ್ದಳಲ್ಲಪ್ಪಾ" ಅಂತ ಅಳುತ್ತಿದ್ದಳು. ಅಮ್ಮ ವ್ಯಾನಿಂದ ಇಳಿದು ಒಳಗೆ ಹೋಗಿ ಜರಡಿ ತಂದು ಅವಳ ಕೈಗೆ ಕೊಟ್ಟಳು. ಆಮೇಲೆ ಮಗನ ಕಡೆ ತಿರುಗಿ ಅಂದಳು. "ನಿನ್ನ ವ್ಯಾನಿಗೆ ಇನ್ನು ನಾನು ಒಂದೇ ಸಲ ಹತ್ತೋದು. ಆಗ ನೀನು ಕರೀಬೇಕಾಗೇ ಇಲ್ಲ."

ಅವಳು ಆಡಿದರೆ ಆಡಿದ್ದೇ. ಈಗ ಹೊಸ ಗಾಡಿ ಅಂದಾಗಲೂ ಅದನ್ನೇ ಅಂದಳು.

"ಅಮ್ಮಾ, ಇದು ಬೇರೆ ವ್ಯಾನು."

"ಓಡಿಸೋನು ಅವನೇ ತಾನೆ?"

"ನೀನು ಬರದಿದ್ರೆ ನಾನ್ಯಾಕೆ ಗಾಡಿ ತಗೊಳ್ಲಿ? ಆರು ಜನಕ್ಕೆ ಏಳು ಸೀಟು ಯಾಕೆ?"

"ಒಂದು ಖಾಲಿ ಬಿಡು. ನಿಮ್ಮ ಮಾವ ಕಾಲು ಚಾಚಲಿ."

ಮೂಲೆಯಲ್ಲಿದ್ದ ಮಾವ ತಲೆ ಎತ್ತಿದರು. "ಬೀಗಿತ್ತಿಯವರು ನನ್ನ ಕಾಲಿನ ಸುದ್ದಿ ಬಿಟ್ಟರೆ ನನಗೇನೂ ಅಡ್ಡಿ ಇಲ್ಲ" ಅಂದು ಮತ್ತೆ ಕಣ್ಣು ಮುಚ್ಚಿದರು. ಅವರು ಎಲ್ಲಿ ಕೂತರೂ ನಿದ್ದೆ ಮಾಡುವವರು. ಒಂದು ಸಲ ಕ್ಷೌರದ ಕುರ್ಚಿಯಲ್ಲಿ ಮಲಗಿ ಎರಡು ಸಲ ಗಡ್ಡ ಬೋಳಿಸಿಕೊಂಡು ಬಂದಿದ್ದರು.

ಕೊನೆಗೆ ಸೊಸೆಯೇ ಒಂದು ದಾರಿ ಹುಡುಕಿದಳು. "ಅತ್ತೆ, ಎಂಥ ಗಾಡಿ ಆದ್ರೆ ಹತ್ತುತ್ತೀರ, ನೀವೇ ಹೇಳಿ." ಅತ್ತೆ ಹೇಳಿದಳು, ದೊಡ್ಡ ಮೊಮ್ಮಗಳು ಬರೆದುಕೊಂಡಳು. ಕರಿ ಬೇಡ. ಬಿಳಿ ಬೇಡ. ಕಿಟಕಿಗೆ ಪರದೆ ಬೇಡ. ನೋಡಿದರೆ ಯಾರಿಗೂ ಯಾರೂ ನೆನಪಾಗಬಾರದು.

ಭಾನುವಾರ ಎಲ್ಲರೂ ಬಸ್ಸು ಹಿಡಿದು ಷೋರೂಮಿಗೆ ಹೋದರು. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕೋಟು ಹಾಕಿದ ಮೇಡಂ ಒಬ್ಬಳು ಬಂದು ಎಂಥ ಗಾಡಿ ಬೇಕು ಅಂದಳು.

"ಏಳು ಜನ ಕೂರಬೇಕು. ವ್ಯಾನಿನ ತರ ಇರಬಾರದು" ಅಂದ ಅವನು.

ಮೇಡಂ ಸ್ವಲ್ಪ ಯೋಚನೆ ಮಾಡಿ ಒಳಗಿನ ಮೂಲೆಗೆ ಕರಕೊಂಡು ಹೋದಳು. ಅಲ್ಲಿ ನಿಂತಿತ್ತು. ಸ್ಪೋರ್ಟಿ ಮಿನಿವ್ಯಾನ್ ಅಂತೆ. ಬಾಳೆಹಣ್ಣಿನ ಹಳದಿ. ಬಾನೆಟ್ಟಿನ ಮೇಲೆ ಎರಡು ಕರಿ ಪಟ್ಟಿ. ಹಿಂದೆ ಒಂದು ರೆಕ್ಕೆ. ಸೀಟಿಗೆಲ್ಲ ಕೆಂಪು ದಾರದ ಹೊಲಿಗೆ.

"ರೆಕ್ಕೆ ಯಾಕೆ?" ಅಂದಳು ಹೆಂಡತಿ.

"ವೇಗವಾಗಿ ಹೋದಾಗ ಗಾಡಿ ಮೇಲಕ್ಕೆ ಏಳಬಾರದು ಅಂತ ಮೇಡಂ."

ಹೆಂಡತಿ ಗಂಡನ ಮುಖ ನೋಡಿದಳು. ಆ ಭಯ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬೇರೆಯವರಾದರೆ ಮೊದಲು ಸ್ಟೀರಿಂಗ್ ಹಿಡಿದು ನೋಡುತ್ತಾರೆ. ಅವನು ಸೀದಾ ಹಿಂದಕ್ಕೆ ಹೋಗಿ ಡಿಕ್ಕಿ ಎತ್ತಿದ. ಹಿಂದಿನ ಎರಡು ಸಾಲು ಸೀಟು ಮಡಚಿದ. ನೆಲ ಸಪಾಟಾಯಿತು. ಮೊಣಕೈ ಊರಿ ಒಳಗೆ ಕಣ್ಣು ಹಾಯಿಸಿ, "ಆರಡಿ ಎರಡಂಗುಲ. ಕಾಲು ಮಡಚೋದು ಬೇಡ" ಅಂದ.

"ಟೂರಿಗೆ ಹೋದಾಗ ಮಲಗೋಕಾ ಸರ್?" ಅಂದಳು ಮೇಡಂ, ಖುಷಿಯಿಂದ.

ಹೆಂಡತಿ ಅವನ ತೋಳು ಚಿವುಟಿದಳು. "ಅಲ್ಲ. ಅಭ್ಯಾಸ" ಅಂದು ಅವನು ಸೀಟುಗಳನ್ನು ಎತ್ತಿ ನಿಲ್ಲಿಸಿದ.

ಓಡಿಸಿ ನೋಡಬೇಕಿತ್ತು. ಅಮ್ಮ ಷೋರೂಮಿನ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. "ಹೋಗಿ ಬನ್ನಿ. ರಸ್ತೆ ಮೇಲೆ ಹೇಗೆ ಕಾಣುತ್ತೆ ಅಂತ ಇಲ್ಲಿಂದ್ಲೇ ನೋಡ್ತೀನಿ. ಆಮೇಲೆ ಹೇಳ್ತೀನಿ." ಹೆಣ್ಣುಮಕ್ಕಳೂ ಅಲ್ಲೇ ಉಳಿದರು. ಅಜ್ಜಿಯ ಮೇಲಿನ ಪ್ರೀತಿಗಲ್ಲ, ಅಲ್ಲಿ ಸುತ್ತುವ ಕುರ್ಚಿ ಇತ್ತು ಅಂತ. ಗಾಡಿಯಲ್ಲಿ ಅವನು, ಪಕ್ಕದಲ್ಲಿ ಮೇಡಂ, ಹಿಂದೆ ಹೆಂಡತಿ, ಮಾವ. ಮಾವ ಸೀಟಿನ ಪಕ್ಕದ ಹಿಡಿ ಎಳೆದರು. ಸೀಟು ಹಿಂದಕ್ಕೆ ಮಲಗಿತು. ಅವರೂ ಮಲಗಿದರು.

"ಸರ್, ಈ ಸ್ಪೋರ್ಟ್ ಬಟನ್ ಒತ್ತಿ. ಗಾಡಿ ಚಿಗರೆ ತರ ನೆಗೆಯುತ್ತೆ."

ಒತ್ತಿದ. ಎಂಜಿನ್ನು ಗುರ್ ಅಂತು. ಮುಳ್ಳು ಸರ್ರಂತ ಮೇಲೆದ್ದು ಇಪ್ಪತ್ತಕ್ಕೆ ಬಂದು ನಿಂತಿತು.

"ಇನ್ನೂ ಒತ್ತಬಹುದು ಸರ್."

"ಒತ್ತುತ್ತಿದ್ದೀನಮ್ಮಾ" ಅಂದ. ಮನಸ್ಸು ಒತ್ತುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಆಸ್ಪತ್ರೆ ಸರ್ಕಲ್ಲಿನಲ್ಲಿ ಕೈ ತಾನಾಗೇ ಎಡಕ್ಕೆ ಹೊರಳಿತು.

"ರೀ, ಅದು ಸ್ಮಶಾನದ ರಸ್ತೆ" ಅಂದಳು ಹೆಂಡತಿ ಹಿಂದಿನಿಂದ.

ಬಲಕ್ಕೆ ತಿರುಗಿಸಿದ. ಆಗ ಕನ್ನಡಿ ನೋಡಿದ. ಹಿಂದೆ ಒಂದು ಕಾರು, ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಹಗಲಲ್ಲೇ ದೀಪ ಹಾಕಿಕೊಂಡು ಸಾಲಾಗಿ ಬರುತ್ತಿದ್ದವು. ಒಬ್ಬನೂ ಮುಂದೆ ಹೋಗುತ್ತಿರಲಿಲ್ಲ. ಗಾಡಿ ಯಾವ ಬಣ್ಣದ್ದಾದರೇನು, ಇಪ್ಪತ್ತರ ಮುಖ ಊರಿಗೇ ಗೊತ್ತು. ಹೋಟೆಲ್ಲಿನ ಮುಂದೆ ಕೂತಿದ್ದ ಮುದುಕ ಎದ್ದು ಟೋಪಿ ತೆಗೆದ. ಟ್ರಾಫಿಕ್ ಪೊಲೀಸು ಅಡ್ಡ ಬರುವವರನ್ನೆಲ್ಲ ತಡೆದು ನಿಲ್ಲಿಸಿ, ತಲೆ ತಗ್ಗಿಸಿ ದಾರಿ ಬಿಟ್ಟ.

"ಸರ್, ನಿಮ್ಮನ್ನು ಕಂಡ್ರೆ ಊರಲ್ಲಿ ಎಷ್ಟು ಮರ್ಯಾದೆ" ಅಂದಳು ಮೇಡಂ. ಅವಳು ಆ ಊರಿಗೆ ಬಂದು ಒಂದು ತಿಂಗಳಾಗಿತ್ತು.

ಷೋರೂಮಿಗೆ ಮರಳುವಾಗ ಹಿಂದೆ ಹನ್ನೊಂದು ಕಾರು. ಆ ಕಾರಿನವರೆಲ್ಲ ಇಳಿದರು. ಮುಖ ಗಂಟು ಹಾಕಿಕೊಂಡು, ಕೈ ಕಟ್ಟಿಕೊಂಡು, ಹಳದಿ ಗಾಡಿಯ ಸುತ್ತ ನಿಂತರು. ಕಿಟಕಿಯಲ್ಲಿ ಮಾವ ಕಾಣುತ್ತಿದ್ದರು. ಮಲಗಿದ್ದರು. ಬಾಯಿ ಅರ್ಧ ತೆರೆದಿತ್ತು.

ಕಬ್ಬಿಣದ ಅಂಗಡಿಯವನು ಪ್ಲಾಸ್ಟಿಕ್ ಕುರ್ಚಿಯ ಹತ್ತಿರ ಬಂದ. "ತಾಯಿ, ಯಾವಾಗ ಆಯ್ತು?"

"ಏನು ಯಾವಾಗ?"

"ನಿಮ್ಮ ಬೀಗರದ್ದು. ಮೊನ್ನೆ ಅಂಗಡಿಗೆ ಬಂದಿದ್ರು. ಒಂದು ಚಿಲಕ ತಗೊಂಡ್ರು. ಚೆನ್ನಾಗೇ ಇದ್ರು."

ಅಮ್ಮ ಗಾಡಿ ನೋಡಿದಳು. ಸುತ್ತ ನಿಂತವರನ್ನು ನೋಡಿದಳು. ಏನಾಗಿದೆ ಅಂತ ಅವಳಿಗೆ ಪೂರ್ತಿ ತಿಳಿಯಿತು. "ಮಲಗಿದಲ್ಲೇ ಆಗಿದ್ದು" ಅಂದಳು, ತುಟಿ ಕಚ್ಚಿಕೊಂಡು.

ಅಷ್ಟರಲ್ಲಿ ಗಾಡಿ ನಿಂತದ್ದಕ್ಕೆ ಮಾವನಿಗೆ ಎಚ್ಚರವಾಯಿತು. ಎದ್ದು ಕೂತು, ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿದರು. ಇಷ್ಟು ಜನ ಸೇರಿರುವುದು ಕಂಡು, "ಊಟ ಎಲ್ಲಿ?" ಅಂದರು.

ಹನ್ನೊಂದು ಕಾರಿನವರೂ ಹಿಂದಕ್ಕೆ ಹಾರಿದರು. ಒಬ್ಬ ಹೂಕುಂಡದಲ್ಲಿ ಕೂತ. ಕಬ್ಬಿಣದ ಅಂಗಡಿಯವನಿಗೆ ಕೋಪ ಬಂತು. "ನಾನು ಅಂಗಡಿ ಮುಚ್ಚಿ ಬಂದಿದ್ದೀನಿ" ಅಂದ, ಮಾವ ಸಾಯದೆ ಮೋಸ ಮಾಡಿದರು ಅನ್ನುವ ಹಾಗೆ. ಒಬ್ಬೊಬ್ಬರೇ ಗಾಡಿ ತಿರುಗಿಸಿಕೊಂಡು ಹೋದರು.

ಅವನು ಸ್ಟೀರಿಂಗ್ ಬಿಟ್ಟಿರಲಿಲ್ಲ. ಎಲ್ಲ ಹೋದ ಮೇಲೆ ಇಳಿದು ಬಂದು ಅಮ್ಮನ ಮುಂದೆ ನಿಂತ.

"ನೀನು ಹೇಳಿದ್ದೇ ಸರಿ. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಬಣ್ಣ ಏನು ಮಾಡುತ್ತೆ, ರೆಕ್ಕೆ ಏನು ಮಾಡುತ್ತೆ. ಗಾಡಿ ಅಲ್ಲ, ನಾನೇ ಹೆಣದ ವ್ಯಾನು" ಅಂದ. ಬೀಗದ ಕೈಯನ್ನು ಮೇಡಂಗೆ ಕೊಡೋಕೆ ಹೋದ. "ಬೇಡಮ್ಮಾ. ನಮಗೆ ಸ್ಕೂಟರೇ ಸಾಕು."

ಮೇಡಂ ಕೈ ಚಾಚಿದಳು. ಹತ್ತೊಂಬತ್ತು ವರ್ಷದ ಆಸೆ ಎರಡು ಬೆರಳಿನ ನಡುವೆ ನೇತಾಡುತ್ತಿತ್ತು.

"ಇರು" ಅಂದಳು ಅಮ್ಮ. "ಆ ಗಾಡಿಗೆ ಹಾರ್ನ್ ಇಲ್ವಾ?"

"ಇದೆ."

"ಮತ್ತೆ ಯಾಕೆ ಹೊಡೀಲಿಲ್ಲ? ಹಾರ್ನ್ ಹೊಡೆದಿದ್ರೆ ಇದು ಜೀವ ಇರೋರ ಗಾಡಿ ಅಂತ ಅವರಿಗೆ ಗೊತ್ತಾಗ್ತಿರಲಿಲ್ವಾ?"

ಅವನು ನೆಲ ನೋಡಿದ. "ಕೈ ಏಳಲ್ಲಮ್ಮಾ."

ಅಮ್ಮ ಕುರ್ಚಿಯ ತೋಳು ಹಿಡಿದು ಎದ್ದಳು. ಮೊಣಕಾಲು ಲಟಕ್ಕೆಂದಿತು. ಗಾಡಿಯ ಸುತ್ತ ಒಂದು ಬಾರಿ ನಡೆದಳು. ರೆಕ್ಕೆಯನ್ನು ಬೆರಳಿಂದ ತಟ್ಟಿ ನೋಡಿದಳು. ಮುಂದಿನ ಬಾಗಿಲು ತೆಗೆದು, ಸೊಸೆಯ ಕೈಯನ್ನೂ ಹಿಡಿಯದೆ, ಹತ್ತಿ ಕೂತಳು. ಪಕ್ಕಕ್ಕೆ ಬಾಗಿ ಸ್ಟೀರಿಂಗಿನ ನಡುವೆ ಅಂಗೈ ಇಟ್ಟು ಒತ್ತಿದಳು. ಷೋರೂಮಿನ ಗಾಜೆಲ್ಲ ನಡುಗಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಬೆಚ್ಚಿ ತಿರುಗಿ ನೋಡಿದರು. ಒಬ್ಬ ಬೈದ.

"ನೋಡು, ಬೈದ. ಸತ್ತೋರ ಗಾಡೀನ ಯಾರಾದ್ರೂ ಬೈತಾರಾ?" ಅಂದಳು. "ನೀನು ಓಡಿಸು. ಹಾರ್ನ್ ನನ್ನ ಕೆಲಸ. ಮನಸ್ಸು ಬದಲಾಗೋದರೊಳಗೆ ಬಾ."

ಗಾಡಿ ತಗೊಂಡು ಹೊರಡುವ ಮುಂಚೆ ಮೇಡಂ ಒಂದು ಫೋಟೋ ತೆಗೆದಳು. ಗಾಡಿಯ ಮುಂದೆ ಏಳೂ ಜನ. ಅವನು ನಡುವೆ, ಹೆಗಲ ಮೇಲೆ ಮಾವನ ಕೈ. ಮದುವೆಯಾದ ಮೇಲೆ ಅವನು ಬಿದ್ದ ಮೊದಲ ಫೋಟೋ ಅದು.

ಏಳು ವರ್ಷ ಆ ಗಾಡಿ ಓಡಿಸಿದ. ಅಮ್ಮ ಮುಂದಿನ ಸೀಟು ಯಾರಿಗೂ ಬಿಡಲಿಲ್ಲ. ಮೂಲೆ ಬಂದರೆ ಹಾರ್ನ್, ನಾಯಿ ಬಂದರೆ ಹಾರ್ನ್, ಏನೂ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಹಾರ್ನ್. ಮುಳ್ಳು ಒಂದು ದಿನ ನಲವತ್ತು ಮುಟ್ಟಿತು. ಮಕ್ಕಳು ಚಪ್ಪಾಳೆ ಹೊಡೆದರು, ಅವನು ಹೆದರಿ ಮೂವತ್ತಕ್ಕೆ ಇಳಿಸಿದ. ಹೆಂಡತಿಗೂ ಕಲಿಸಿದ. ಅವಳು ಮೊದಲ ದಿನವೇ ಐವತ್ತಕ್ಕೆ ಹೋದಳು. ಅವನು ಕಣ್ಣು ಮುಚ್ಚಿಕೊಂಡು, "ರೆಕ್ಕೆ ಇದೆಯಲ್ಲ, ಪುಣ್ಯ" ಅಂದ.

ಒಂದು ಬೆಳಿಗ್ಗೆ ಎದೆ ನೋವು ಅಂದ. ಕೂತ. ಅಷ್ಟೇ.

ನಗರಸಭೆಯ ವ್ಯಾನು ಬಂತು. ಅದರಲ್ಲಿ ಹೊಸ ಡ್ರೈವರು. ಅವನಿಗೂ ಯಾರೋ ಹೇಳಿದ್ದರು, ಇಪ್ಪತ್ತರಲ್ಲೇ ಹೊರಟ. ಹಿಂದೆ ಹಳದಿ ಗಾಡಿ, ಓಡಿಸುತ್ತಿದ್ದದ್ದು ಹೆಂಡತಿ. ಅಷ್ಟು ನಿಧಾನ ಅವಳಿಗೆ ಬರುತ್ತಿರಲಿಲ್ಲ, ಎರಡು ಸಲ ಎಂಜಿನ್ನು ನಿಂತಿತು. ಮುಂದಿನ ಸೀಟಲ್ಲಿ ಅಮ್ಮ. ಹಿಂದೆ ಮಕ್ಕಳು, ಮಾವ. ಮಾವ ಆ ದಿನ ನಿದ್ದೆ ಮಾಡಲಿಲ್ಲ.

ಆಸ್ಪತ್ರೆ ಸರ್ಕಲ್ಲು ಬಂತು. ವ್ಯಾನು ಎಡಕ್ಕೆ ತಿರುಗಿತು. ಅಮ್ಮ ಪಕ್ಕಕ್ಕೆ ಬಾಗಿ, ಸೊಸೆಯ ಕೈ ಸರಿಸಿ, ಹಾರ್ನ್ ಒತ್ತಿದಳು. ತುಂಬ ಹೊತ್ತು ಒತ್ತಿದಳು. ಟೋಪಿ ತೆಗೆದು ನಿಂತಿದ್ದವರು ತಿರುಗಿ ನೋಡಿದರು. ಯಾರೂ ಬೈಯಲಿಲ್ಲ.

ಗೋಡೆಯ ಮೇಲೆ ಹಾಕಿರುವುದು ಆ ಷೋರೂಮಿನ ಫೋಟೋನೇ. ಬೇರೆ ಇರಲಿಲ್ಲ. ಸ್ಟುಡಿಯೋದವರು ಅವನೊಬ್ಬನನ್ನೇ ಕತ್ತರಿಸಿ ದೊಡ್ಡದು ಮಾಡಿದ್ದಾರೆ. ಹೆಗಲ ಮೇಲೆ ಮಾವನ ನಾಲ್ಕು ಬೆರಳು ಹಾಗೇ ಉಳಿದಿವೆ, ಹಿಂದೆ ಒಂದಿಷ್ಟು ಹಳದಿ.