ಮೊದಲ ಪುಟದ ತಿದ್ದುಪಡಿ

ಹೊಸಪೇಟೆಯ ನಮ್ಮ ಪತ್ರಿಕೆ ಆಫೀಸಿಗೆ ಹೊಸಬರು ಯಾರೇ ಬಂದರೂ ಅಕ್ಕಾರ ಎದುರಿಗೇ ನಿಂತು, "ಸಂಪಾದಕರು ಎಲ್ಲಿ ಅದಾರ್ರಿ?" ಎಂದು ಕೇಳುತ್ತಿದ್ದರು. ಅಕ್ಕಾರು "ಕುಂದ್ರಿ, ಕರೀತೀನಿ" ಎಂದು ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತು, "ಹಾಂ, ಹೇಳ್ರಿ" ಎನ್ನುತ್ತಿದ್ದರು. ಬಂದವರ ಮುಖ ನೋಡಬೇಕಿತ್ತು. ನಾನಂತೂ ಮೇಜಿನ ಕೆಳಗೆ ಏನೋ ಹುಡುಕುವವಳ ಹಾಗೆ ಬಗ್ಗಿ ನಗುತ್ತಿದ್ದೆ.

ನಮ್ಮ ಕಡೆ ದಿನಪತ್ರಿಕೆಯೊಂದನ್ನು ತಾನೇ ಶುರುಮಾಡಿ ನಡೆಸಿದ ಮೊದಲ ಹೆಂಗಸು ಅವರು. ಅದಕ್ಕೂ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರು. ನಮ್ಮಲ್ಲಿ ಟೀಚರನ್ನು ಅಕ್ಕಾರು ಅನ್ನುವುದು, ಹಾಗಾಗಿ ಊರಿಗೆಲ್ಲ ಅಕ್ಕಾರೇ ಆಗಿ ಉಳಿದರು. ಆರಂಭದಲ್ಲಿ ಸಂಡೂರಿಗೆ ಪೇಪರ್ ಕಟ್ಟು ಒಯ್ಯಲು ವ್ಯಾನ್ ಇರಲಿಲ್ಲವಂತೆ. ಅದಿರು ತುಂಬಿಕೊಳ್ಳಲು ಖಾಲಿ ಹೋಗುವ ಲಾರಿಗಳಿಗೆ ಕೈ ಅಡ್ಡ ಹಿಡಿದು ಕಟ್ಟು ಏರಿಸುತ್ತಿದ್ದರಂತೆ. ಅಲ್ಲಿಯ ಓದುಗರು ಕೆಂಪು ಧೂಳು ಕೊಡವಿಯೇ ಪೇಪರ್ ಬಿಚ್ಚುತ್ತಿದ್ದರು. ಅಕ್ಕಾರು ತೀರಿಕೊಂಡು ಎರಡು ವರ್ಷವಾಯಿತು. ಅವರ ಮೇಲೆ ನನಗೆ ಈಗಲೂ ಒಂದಿಷ್ಟು ಸಿಟ್ಟಿದೆ, ಅದಕ್ಕಿಂತ ಹೆಚ್ಚು ಪ್ರೀತಿಯಿದೆ. ಎರಡಕ್ಕೂ ಕಾರಣ ಒಂದೇ.

ಕೆಲಸಕ್ಕೆ ಸೇರಿ ವರ್ಷವಾದರೂ ನನ್ನ ಯಾವ ವರದಿಗೂ ಹೆಸರು ಬಂದಿರಲಿಲ್ಲ. ಹಂಪಿಯ ಬಿಸಿಲಿನಲ್ಲಿ ದಿನವಿಡೀ ಸುತ್ತಿ ಬರೆದದ್ದೂ 'ನಮ್ಮ ಪ್ರತಿನಿಧಿಯಿಂದ' ಎಂದೇ ಅಚ್ಚಾಗುತ್ತಿತ್ತು. ಆ ಪ್ರತಿನಿಧಿಯನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಕೇಳಿದರೆ ಅಕ್ಕಾರು "ಬರ್ತೈತಿ ತಡಿ" ಎನ್ನುತ್ತಿದ್ದರು.

ಅಷ್ಟರಲ್ಲಿ ಮಳೆಗಾಲ ಬಂತು, ಡ್ಯಾಂ ತುಂಬಿತು. ಎರಡು ಕಾಲುವೆಗಳಿಗೆ ಯಾವ್ಯಾವ ದಿನ ನೀರು ಬಿಡುತ್ತಾರೆ ಎಂಬ ಪ್ರಕಟಣೆ ಕೈಗೆ ಸಿಕ್ಕಿತು. ಎಲ್ಲರಿಗಿಂತ ಮೊದಲು ಬರೆದುಕೊಟ್ಟು ಭೇಷ್ ಅನ್ನಿಸಿಕೊಳ್ಳುವ ಅವಸರದಲ್ಲಿ ನಾನು ದಿನಗಳನ್ನು ಅದಲುಬದಲು ಮಾಡಿಬಿಟ್ಟೆ. ಕಂಪ್ಲಿ ಕಡೆಯ ಕಾಲುವೆಗೆ ತಡವಾಗಿ ಬರಬೇಕಿದ್ದ ನೀರು ನನ್ನ ವರದಿಯಲ್ಲಿ ವಾರ ಮುಂಚೆಯೇ ಹರಿಯಿತು. ಅದನ್ನು ನಂಬಿ ಗದ್ದೆಯ ಮಾಲಕರೊಬ್ಬರು ನಾಟಿಗೆ ಹೆಣ್ಣಾಳುಗಳನ್ನು ಕರೆಸಿದರು. ಕಾಲುವೆ ಒಣಗಿ ಬಿದ್ದಿತ್ತು. ಮಾಲಕರು ಆಫೀಸಿಗೆ ಫೋನ್ ಮಾಡಿ ರೇಗಿದಾಗಲೇ ನನಗೆ ತಪ್ಪು ತಿಳಿದದ್ದು.

ಅಕ್ಕಾರು ಬೈಯಲಿಲ್ಲ. "ಚಪ್ಪಲಿ ಹಾಕ್ಕ, ನಡಿ" ಎಂದು ಕಂಪ್ಲಿ ಬಸ್ಸು ಹತ್ತಿಸಿದರು.

ನಾಟಿ ಗುಂಪಿನ ಹಿರಿಯಾಕೆ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ತಪ್ಪು ನನ್ನದು ಎಂದೆ. "ನಿನ್ನ ಪೇಪರ್ ನಂಬಿ ಬ್ಯಾರೆ ಗದ್ದಿ ಬಿಟ್ಟು ಬಂದ್ವೆವ್ವ. ಒಂದು ದಿನದ ಕೂಲಿ ಹೋತು. ನಿಂಗೇನು, ಬರದು ಕೈ ತೊಳಕಂಡಿ" ಎಂದಳು. ಅಕ್ಕಾರು ಏನಾದರೂ ಹೇಳಿ ಕಾಪಾಡುತ್ತಾರೆಂದು ಅವರ ಕಡೆ ನೋಡಿದೆ. ಅವರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

ಮರಳುವ ಬಸ್ಸಿನಲ್ಲಿ ನನಗೆ ಅಳು ಬಂತು. "ನಾಳೆಯಿಂದ ನಾ ಬರಂಗಿಲ್ಲ" ಎಂದೆ.

"ಬ್ಯಾಡ ಅಂದ್ರ ಬಿಡು. ಇವತ್ತಿನ ತಿದ್ದುಪಡಿ ಬರದು ಹೋಗು."

ಆಫೀಸಿಗೆ ಬಂದು ಬರೆದುಕೊಟ್ಟೆ. ಅದು ಮೊದಲ ಪುಟದಲ್ಲಿ ಹೋಗುತ್ತದೆ, ಕೆಳಗೆ ನನ್ನ ಹೆಸರಿರುತ್ತದೆ ಎಂದರು. ನನ್ನ ಕೋಪ ನೆತ್ತಿಗೇರಿತು. ವರ್ಷವಿಡೀ ಕಾದ ಹೆಸರು ಹೀಗಾ ಬರುವುದು? "ಯಾಕ್ರಿ ಅಕ್ಕಾರ, ಊರ ಮುಂದ ನನ್ನ ಮಾನ ಕಳೀತೀರಿ?" ಎಂದು ಕೂಗಾಡಿದೆ.

"ಹೆಂಗಸು ನಡಸೋ ಪೇಪರು ಅಂತ ಎಲ್ಲಾರೂ ನಮ್ಮ ತಪ್ಪು ಹುಡಕ್ಕೋಂತ ಕುಂತಿರ್ತಾರ. ಅವರು ಹೇಳೋಕಿಂತ ಮೊದಲ ನಾವ ಹೇಳಬೇಕು. ಮಾಡಿದಾಕಿ ಹೆಸರು ಹಾಕಿ ಹೇಳಬೇಕು. ಇಲ್ಲಾಂದ್ರ ನಾಳೆ ಖರೇ ಬರದ್ರೂ ಯಾರೂ ನಂಬಂಗಿಲ್ಲ." ಆಗ ಅವರ ದನಿ ಸ್ವಲ್ಪ ನಡುಗಿತು. ನಾನು ಅದನ್ನು ಗಮನಿಸಿದರೂ ಬ್ಯಾಗು ಎತ್ತಿಕೊಂಡು ಹೊರಟೆ.

ನಾಲ್ಕು ದಿನ ಮನೆಯಿಂದ ಹೊರಬೀಳಲಿಲ್ಲ. ನನ್ನ ಹೆಸರಿದ್ದ ಆ ಪೇಪರನ್ನು ಮಾತ್ರ ಕದ್ದುಮುಚ್ಚಿ ಎಷ್ಟು ಸಲ ನೋಡಿದೆನೋ. ಈ ಕೆಲಸ ನನ್ನದಲ್ಲ, ಬಟ್ಟೆ ಅಂಗಡಿಯಲ್ಲಾದರೂ ನಿಲ್ಲುತ್ತೇನೆ ಎಂದು ತೀರ್ಮಾನಿಸಿಯೂ ಆಗಿತ್ತು. ಐದನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕಂಪ್ಲಿಯ ಆ ಹಿರಿಯಾಕೆ. ಆಫೀಸಿಗೆ ಫೋನ್ ಮಾಡಿದ್ದಳಂತೆ, ಅಕ್ಕಾರೇ ನನ್ನ ನಂಬರು ಕೊಟ್ಟಿದ್ದರು. ಇನ್ನೊಂದು ಸುತ್ತು ಬೈಗುಳ ಎಂದುಕೊಂಡೆ.

"ಯವ್ವಾ, ನಮ್ಮ ಓಣಿ ಅಂಗನವಾಡಿಗೆ ಬೀಗ ಹಾಕಿ ಭಾಳ ದಿನ ಆತು. ಕೂಸುಗಳನ್ನ ಗದ್ದಿಗೆ ಕರಕಂಡು ಹೊಂಟೀವಿ. ಬದುವಿನ ಮ್ಯಾಲ ಕುಂದ್ರಿಸಿ ನಾಟಿ ಹಚ್ತೀವಿ. ಹಾವು ಚೇಳು ಓಡಾಡೋ ಜಾಗ. ಜಲ್ದಿ ಬಂದು ಬರಿಯವ್ವ."

"ನಾ ಕೆಲಸ ಬಿಟ್ಟೀನಿ. ಬ್ಯಾರೆ ಪೇಪರಿನವ್ರಿಗೆ ಹೇಳ್ರಿ" ಎಂದೆ.

"ಹೇಳಬಹುದಿತ್ತು. ನನ್ನ ಮಗಳು ಪೇಪರ್ ಓದಿ ಹೇಳಿದ್ಲು, ನೀನು ತಪ್ಪು ಒಪ್ಪಿಕಂಡು ಹೆಸರು ಹಾಕ್ಕಂಡೀಯಂತ. ಅಂಥಾಕಿ ಸುಳ್ಳು ಬರಿಯಂಗಿಲ್ಲ. ನೀನ ಬಾ."

ಬರ್ತೀನಿ ಎಂದಷ್ಟೇ ಹೇಳಿ ಕಂಪ್ಲಿ ಬಸ್ಸು ಹತ್ತಿದೆ.